ಜುಬ್ಬಾ ಮೇಲೆ ಕಟ್ಟಿದಾಗ ಕಂಡ ಪಿಸ್ತೂಲು: ಟೆಕ್ಸಸ್‌ನ ಒಂದು ಕನ್ನಡ ಸಂಘದ ಪ್ರಕರಣ

ಮೊದಲೇ ಹೇಳ್ಬಿಡ್ತೀನಿ, ಇದರಲ್ಲಿ ಬರೋ ಹೆಸರುಗಳೆಲ್ಲ ಬದಲಿಸಿದ್ದು. ಊರು ಡಾಲಸ್‌ನ ಉತ್ತರಕ್ಕಿರೋ ಸಬರ್ಬ್‌ಗಳಲ್ಲಿ ಒಂದು ಅಂದ್ಕೊಳ್ಳಿ ಸಾಕು, ಸಂಘದ ಹೆಸರು ಬೇಡ. ನಾನು ಆಗ ಕಮಿಟೀಲಿದ್ದೆ, ಹೆಸರಿಗೆ ಜಂಟಿ ಕಾರ್ಯದರ್ಶಿ, ಕೆಲಸ ಏನಪ್ಪಾ ಅಂದ್ರೆ ಕುರ್ಚಿ ಎಣಿಸೋದು ಮತ್ತೆ ವಾಟ್ಸಾಪ್ ಗ್ರೂಪಲ್ಲಿ ಜಗಳ ಬಿಡಿಸೋದು. ಬೇರೆ ಊರಿನ ಸಂಘದವರು ಇಬ್ಬರು ಮೂವರು ಫೋನ್ ಮಾಡಿ "ನಿಮ್ಮಲ್ಲಿ ಗನ್ ವಿಚಾರ ಏನೋ ಆಗಿತ್ತಂತಲ್ಲ, ಏನ್ಮಾಡಿದ್ರಿ" ಅಂತ ಕೇಳಿದಾರೆ, ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದಿಡ್ತಿದೀನಿ. ನಾನು ವಕೀಲ ಅಲ್ಲ. ಕಾನೂನಿನ ವಿಷಯ ಬರೆದಿರೋದು ನಾವು ವಕೀಲರ ಹತ್ರ ಹೋಗಿ, ಓದಿ, ಒದೆ ತಿಂದು ಕಲ್ತಿದ್ದು.

ಹಿನ್ನೆಲೆ

ಟೆಕ್ಸಸ್ ಅಂದ್ರೆ ಊರಲ್ಲಿರೋರಿಗೆ ಕುದುರೆ, ಟೋಪಿ, ಸೊಂಟದಲ್ಲಿ ಪಿಸ್ತೂಲು. ನಾನೂ ಬರೋಕ್ ಮುಂಚೆ ಹಂಗೇ ಅಂದ್ಕೊಂಡಿದ್ದೆ. ನಿಜ ಏನಂದ್ರೆ 1871ರಿಂದ ಹಿಡಿದು ಹೆಚ್ಚುಕಮ್ಮಿ ನೂರಿಪ್ಪತ್ತೈದು ವರ್ಷ ಈ ರಾಜ್ಯದಲ್ಲಿ ಸಾಮಾನ್ಯ ಜನ ಕೈಪಿಸ್ತೂಲು ಇಟ್ಕೊಂಡು ಓಡಾಡೋ ಹಾಗೇ ಇರ್ಲಿಲ್ಲ. ತಮಾಷೆ ಅಂದ್ರೆ ಉದ್ದ ಬಂದೂಕನ್ನ ಹೆಗಲಿಗೆ ಹಾಕ್ಕೊಂಡು ರಸ್ತೇಲಿ ಹೋದ್ರೆ ಕೇಳೋರಿಲ್ಲ, ಚಿಕ್ಕ ಪಿಸ್ತೂಲಿಗೆ ಮಾತ್ರ ಅಡ್ಡಿ. 1996ರಿಂದ ಲೈಸೆನ್ಸ್ ತಗೊಂಡ್ರೆ ಬಟ್ಟೆ ಒಳಗೆ ಮುಚ್ಚಿಟ್ಕೋಬಹುದು ಅಂತ ಆಯ್ತು. 2016ರ ಜನವರಿ 1ರಿಂದ ಲೈಸೆನ್ಸ್ ಇರೋರು ಕಾಣೋ ಹಾಗೇ ಇಟ್ಕೋಬಹುದು, ಇದೇ ಓಪನ್ ಕ್ಯಾರಿ. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದೋರಿಗೆ, ಬೇರೆ ಏನೂ ಅಡ್ಡಿ ಇಲ್ದೆ ಇದ್ರೆ, ಲೈಸೆನ್ಸೂ ಬೇಡ, ಪಿಸ್ತೂಲಿನ ಕವಚ ಅಂದ್ರೆ ಹೋಲ್ಸ್ಟರ್‌ನಲ್ಲಿದ್ರೆ ಆಯ್ತು.

ಆದ್ರೆ ಖಾಸಗಿ ಜಾಗದ ಮಾಲೀಕ "ನನ್ನ ಜಾಗಕ್ಕೆ ತರಬೇಡಿ" ಅನ್ನಬಹುದು. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನ್ಯೂಯಾರ್ಕ್ ಕೇಸಲ್ಲಿ ಮನೆ ಹೊರಗೂ ಗನ್ ಇಟ್ಕೊಳ್ಳೋದು ಸಂವಿಧಾನದ ಹಕ್ಕು ಅಂದಾಗ ನಮ್ಮ ಗ್ರೂಪಲ್ಲಿ ಕೆಲವರು "ಇನ್ಮೇಲೆ ಯಾರೂ ಬೇಡ ಅನ್ನೋ ಹಾಗಿಲ್ಲ" ಅಂತ ಹಾಕಿದ್ರು, ಅದು ತಪ್ಪು, ಆ ಹಕ್ಕು ಸರ್ಕಾರದ ಎದುರು, ಮದುವೆ ಹಾಲಿನ ಮಾಲೀಕನ ಎದುರಲ್ಲ. ಈ ಒಂದು ವಿಷಯ ಗೊತ್ತಿದ್ದಿದ್ರೆ ನಮ್ಮ ಅರ್ಧ ಜಗಳ ಆಗ್ತಾನೇ ಇರ್ಲಿಲ್ಲ.

ಈಗ ಮಂಜಣ್ಣ. ಹಾಸನದ ಕಡೆಯವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಸಿಟಿಜನ್. ಐಟಿ ಬಿಟ್ಟು ಗ್ಯಾಸ್ ಸ್ಟೇಷನ್ (ನಮ್ಮ ಪೆಟ್ರೋಲ್ ಬಂಕ್) ಇಟ್ಕೊಂಡಿದಾರೆ, ಅಂಗಡಿಗೆ ಎರಡು ಸಲ ದರೋಡೆ ಆಗಿದೆ, ಎರಡನೇ ಸಲ ಕ್ಯಾಷಿಯರ್ ಹುಡುಗನ ತಲೆಗೆ ಗನ್ ಇಟ್ಟಿದ್ರಂತೆ. 2016ರಲ್ಲಿ ಕ್ಲಾಸಿಗೆ ಹೋಗಿ ಪರೀಕ್ಷೆ ಪಾಸ್ ಮಾಡಿ ಲೈಸೆನ್ಸ್ ತಗೊಂಡ್ರು. ಒಳ್ಳೆ ಮನುಷ್ಯ, ಪ್ರತಿ ಕಾರ್ಯಕ್ರಮದಲ್ಲೂ ಬಡಿಸೋಕೆ ಮೊದಲು ನಿಲ್ಲೋರು ಇವರೇ. ಆರು ವರ್ಷ ಸಂಘದ ಎಲ್ಲಾ ಹಬ್ಬಕ್ಕೂ ಬಂದಿದಾರೆ, ಆರು ವರ್ಷವೂ ಸೊಂಟದಲ್ಲಿ ಪಿಸ್ತೂಲಿತ್ತು, ಜುಬ್ಬಾ ಕೆಳಗೆ. ನಮ್ಮಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ. ಇದನ್ನ ನೆನಪಿಟ್ಕೊಳ್ಳಿ, ಮುಂದಿನ ಎಲ್ಲದಕ್ಕೂ ಇದೇ ಬೇರು.

ಆವತ್ತು

2022ರ ನವೆಂಬರ್, ರಾಜ್ಯೋತ್ಸವ. ಒಂದು ಖಾಸಗಿ ಬ್ಯಾಂಕ್ವೆಟ್ ಹಾಲು ಬಾಡಿಗೆಗೆ ತಗೊಂಡಿದ್ವಿ, ಮುನ್ನೂರು ಜನ. ಅದೇ ವರ್ಷ ಮೇ 24ಕ್ಕೆ ಇದೇ ರಾಜ್ಯದ ಯುವಾಲ್ಡಿ ಅನ್ನೋ ಊರಿನ ಶಾಲೇಲಿ ಗುಂಡೇಟಿಗೆ 19 ಮಕ್ಕಳು, 2 ಟೀಚರ್‌ಗಳು ಸತ್ತಿದ್ರು, ಮಕ್ಕಳಿರೋ ಯಾರ ಮನಸಿಂದಲೂ ಅದು ಹೋಗಿರ್ಲಿಲ್ಲ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಅದಿಲ್ದಿದ್ರೆ ಬಹುಶಃ ಆವತ್ತು ಅಷ್ಟು ಗಾಬರಿ ಆಗ್ತಿರ್ಲಿಲ್ಲ.

ನಾಡಗೀತೆ ಆಯ್ತು, ಭಾಷಣ ಆಯ್ತು (ಅದು ಆಗೋದೇ ಇಲ್ಲ ಅಂದ್ಕೊಂಡಿದ್ವಿ), ಊಟಕ್ಕೆ ಬಾಳೆ ಎಲೆ ಹಾಕಿದ್ವಿ, ನೆಲದ ಮೇಲೆ ಪಂಕ್ತಿ. ಮಂಜಣ್ಣ ಅಂಗಡಿಯಿಂದ ನೇರ ಬಂದಿದ್ರು, ಜುಬ್ಬಾ ಕಾರಲ್ಲೇ ಹಾಕ್ಕೊಂಡಿದ್ರು, ಕೋಸಂಬರಿ ಬಕೆಟ್ ಹಿಡ್ಕೊಂಡು ಬಗ್ಗಿ ಬಗ್ಗಿ ಬಡಿಸೋವಾಗ ಜುಬ್ಬಾ ಎಲೆಗೆ ತಾಗುತ್ತೆ ಅಂತ ಅದನ್ನ ಮೇಲೆತ್ತಿ ಹಳದಿ ಕೆಂಪು ಶಲ್ಯದಲ್ಲಿ ಬಿಗಿಯಾಗಿ ಕಟ್ಕೊಂಡ್ರು. ಕಾನೂನಿನ ಲೆಕ್ಕದಲ್ಲಿ ಆ ಕ್ಷಣಕ್ಕೆ ಅವರು ಮುಚ್ಚಿಟ್ಕೊಂಡೋರಿಂದ ತೆರೆದಿಟ್ಕೊಂಡೋರಾದ್ರು, ಅವರಿಗೆ ಅದರ ಪರಿವೆಯೇ ಇಲ್ಲ, ಕೈಲಿ ಬಕೆಟ್ಟು, ಬಾಯಲ್ಲಿ "ಇನ್ ಸ್ವಲ್ಪ ಹಾಕ್ಲಾ".

ಮೊದಲು ನೋಡಿದ್ದು ಕೆ.ಆರ್. ಪೇಟೆ ಕಡೆಯಿಂದ ಮಗಳ ಬಾಣಂತನಕ್ಕೆ ಬಂದಿದ್ದ ಒಬ್ಬ ಅಜ್ಜಿ. ನೆಲದಲ್ಲಿ ಕೂತಿದ್ರಲ್ಲ, ಕಣ್ಣಿಗೆ ನೇರ ಅದೇ. "ಅಯ್ಯೋ ಶಿವ್ನೆ, ಆ ಮಗೀನ ಸೊಂಟ್ದಲ್ಲಿ ಕೋವಿ ಐತಲ್ಲವ್ವ, ಪೊಲೀಸ್ನೋರಾ?" ಅಂತ ಗಟ್ಟಿಯಾಗೇ ಕೇಳಿದ್ರು. ಅಷ್ಟೇ. ಪಂಕ್ತಿ ತುದಿ ತನಕ ತಲೆಗಳು ತಿರುಗಿದ್ವು. ಇಬ್ಬರು ತಾಯಂದಿರು ಎಲೆ ಮುಂದಿಂದ ಮಕ್ಕಳನ್ನ ಎತ್ಕೊಂಡು ಹೊರಗೆ ಹೋದ್ರು, ಇನ್ನೊಬ್ಬರು 911ಕ್ಕೆ ಫೋನ್ ಮಾಡೋಕೆ ಮೊಬೈಲ್ ತೆಗೆದ್ರು.

ಮೊದಲನೇ ತಿರುವು ಇಲ್ಲಿ. ಅಧ್ಯಕ್ಷೆ ಸುಧಕ್ಕ ಓಡಿ ಹೋಗಿ ಆ ಫೋನ್ ಮೇಲೆ ಕೈ ಇಟ್ರು. "ಪೊಲೀಸ್ ಕೇಳ್ತಾರೆ, ಆತ ಏನ್ ಮಾಡ್ತಿದಾನೆ ಅಂತ. ಕೋಸಂಬರಿ ಬಡಿಸ್ತಿದಾನೆ ಅಂತೀರಾ?" ಅಂದ್ರು. ನಗು ಬರೋ ಮಾತು, ಆದ್ರೆ ಅವರು ನಗ್ತಿರ್ಲಿಲ್ಲ. ಗನ್ ಇರೋ ಮನುಷ್ಯ, ತುಂಬಿದ ಹಾಲು, ಮಕ್ಕಳು ಅಂತ ಫೋನ್ ಹೋದ್ರೆ ಪೊಲೀಸರು ಹೇಗೆ ಬರ್ತಾರೆ, ಬಾಗಿಲು ತೆಗೆದಾಗ ಅವರಿಗೆ ಕಾಣೋದು ಯಾರು, ಸೊಂಟದಲ್ಲಿ ಪಿಸ್ತೂಲು ಕಟ್ಕೊಂಡ ಒಬ್ಬ ಕಂದು ಬಣ್ಣದೋನು. ಆಮೇಲೆ ಯಾರ್ಯಾರೋ ಸುಧಕ್ಕನ ತಪ್ಪು ಅಂದ್ರು, ನನ್ನ ಪ್ರಕಾರ ಅವತ್ತು ಆದ ಒಂದೇ ಒಂದು ಸರಿಯಾದ ಕೆಲಸ ಅದು, ಯಾಕಂದ್ರೆ ಅವರಿಗೆ ಆ ಮನುಷ್ಯ ಯಾರು ಅಂತ ಗೊತ್ತಿತ್ತು. ಗುರುತಿಲ್ಲದೋನಾಗಿದ್ರೆ ನಾನೇ ಫೋನ್ ಮಾಡ್ತಿದ್ದೆ.

ಡಬ್ಬಿ

ಸುಧಕ್ಕ ಮಂಜಣ್ಣನ್ನ ಪಕ್ಕಕ್ಕೆ ಕರೆದು "ಅಣ್ಣ, ದಯವಿಟ್ಟು ಅದನ್ನ ಎಲ್ಲಾದ್ರೂ ಇಡಿ" ಅಂದ್ರು. ಅವರು ನಿಜಕ್ಕೂ ನಾಚ್ಕೊಂಡ್ರು, "ಅಯ್ಯೋ ಕಂಡ್ಬಿಡ್ತಾ" ಅಂತ. ಕಾರು ದೂರ ನಿಲ್ಸಿದ್ರು, ಪಂಕ್ತಿ ಅರ್ಧಕ್ಕಿತ್ತು. ರಿಜಿಸ್ಟ್ರೇಷನ್ ಟೇಬಲಲ್ಲಿ ಕಿರಣ್ ಅಂತ ಒಬ್ಬ ಹುಡುಗ ಕೂತಿದ್ದ, ಬಂದು ಎರಡು ವರ್ಷ ಆಗಿತ್ತು, ಯಾವ ಕೆಲಸ ಹೇಳಿದ್ರೂ ಇಲ್ಲ ಅನ್ನದ ಹುಡುಗ. ಮಂಜಣ್ಣ ಗುಂಡು ತೆಗೆದು ಪಿಸ್ತೂಲನ್ನ ಹೋಲ್ಸ್ಟರ್ ಸಮೇತ ಅವನ ಕೈಗೆ ಕೊಟ್ಟು "ಸ್ವಲ್ಪ ನೋಡ್ಕೊಂಡಿರಪ್ಪ" ಅಂದ್ರು. ಅವನು ದೇಣಿಗೆ ಹಣ ಹಾಕೋ ಸ್ಟೀಲ್ ಡಬ್ಬಿಯೊಳಗಿಟ್ಟು ಬೀಗ ಹಾಕ್ದ. ಡಬ್ಬಿ ಮೇಲೆ ಅರಿಶಿನ ಕುಂಕುಮದ ಬಟ್ಟಲು. ನಲವತ್ತು ನಿಮಿಷ ಅದು ಹಂಗೇ ಇತ್ತು, ನಮಗೆಲ್ಲ ಸಮಸ್ಯೆ ಮುಗೀತು ಅಂತ ಸಮಾಧಾನ, ನಾನಂತೂ ಎರಡು ಹೋಳಿಗೆ ಜಾಸ್ತಿ ತಿಂದೆ.

ಕಿರಣ್ ಇದ್ದಿದ್ದು ಎಚ್-1ಬಿ ವೀಸಾದಲ್ಲಿ.

ಇದು ಇಡೀ ಪ್ರಕರಣದಲ್ಲಿ ಅತಿ ದೊಡ್ಡ ತಪ್ಪು, ಮತ್ತೆ ಮಾಡಿದೋರು ಯಾರಿಗೂ ಅದು ತಪ್ಪು ಅಂತ ಗೊತ್ತಿರ್ಲಿಲ್ಲ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಕೆಲಸದ ಎಚ್-1ಬಿ, ಓದಿನ ಎಫ್-1 ಥರದ ತಾತ್ಕಾಲಿಕ ವೀಸಾದವರು ಗನ್ ಅಥವಾ ಗುಂಡು ತಮ್ಮ ಹತ್ರ ಇಟ್ಕೊಳ್ಳೋದೇ ಅಪರಾಧ. ಬೇಟೆಯ ಲೈಸೆನ್ಸ್ ಇದ್ದೋರಿಗೆ ಅಂತ ಒಂದು ವಿನಾಯಿತಿ ಇದೆ, ಅಂಥ ಕೆಲವು ಬಿಟ್ರೆ ಇಲ್ಲ. ಗ್ರೀನ್ ಕಾರ್ಡ್ ಇದ್ದೋರಿಗೆ ಈ ಅಡ್ಡಿ ಇಲ್ಲ. ಇಟ್ಕೊಳ್ಳೋದು ಅಂದ್ರೆ ಸ್ವಂತದ್ದೇ ಆಗಬೇಕು ಅಂತಿಲ್ಲ, ನಿಮ್ಮ ಕೈಲಿದ್ರೂ, ಬೀಗದ ಕೈ ನಿಮ್ಮ ಹತ್ರ ಇದ್ರೂ ಸಿಕ್ಕಿಹಾಕ್ಕೊಳ್ಳೋ ಸಾಧ್ಯತೆ ಇದೆ. 2022ರ ಜೂನ್‌ನಲ್ಲಿ ಬಂದ ಹೊಸ ಕಾನೂನಿನಿಂದ ಶಿಕ್ಷೆ 10 ವರ್ಷದಿಂದ 15 ವರ್ಷಕ್ಕೆ ಏರಿತ್ತು, ಅದರ ಮೇಲೆ ವೀಸಾ ಕಥೆ ಬೇರೆ. ಗೊತ್ತಿದ್ದೂ ಕೊಟ್ಟೋನಿಗೂ ತೊಂದರೆ ಇದೆ. ವಕೀಲರು ಇದನ್ನ ಹೇಳಿದ ದಿನ ಸುಧಕ್ಕ ಅತ್ರು. ಮಂಜಣ್ಣ ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದ್ರು. ಯಾರೂ ದೂರು ಕೊಡ್ಲಿಲ್ಲ, ಏನೂ ಆಗ್ಲಿಲ್ಲ, ಆದ್ರೆ ಕಿರಣ್ ಆಮೇಲೆ ಒಂದು ವರ್ಷ ಸಂಘದ ಕಡೆ ತಲೆ ಹಾಕ್ಲಿಲ್ಲ, ಅವನ ತಪ್ಪೇನಿತ್ತು.

ಬೇರೆ ಸಂಘದವರಿಗೆ ನಾನು ಫೋನಲ್ಲಿ ಮೊದಲು ಹೇಳೋದು ಇದನ್ನೇ. ನಮ್ಮ ವಾಲಂಟಿಯರ್‌ಗಳಲ್ಲಿ ಅರ್ಧಕ್ಕರ್ಧ ವೀಸಾದಲ್ಲಿರೋ ಹುಡುಗ್ರು. ಬಾಗಿಲಲ್ಲಿ "ಇಲ್ಲಿ ಕೊಟ್ಟು ಹೋಗಿ" ಅನ್ನೋ ವ್ಯವಸ್ಥೆ ಮಾತ್ರ ಯಾವತ್ತೂ ಮಾಡಬೇಡಿ.

ಮೀಟಿಂಗು

ಡಿಸೆಂಬರ್‌ನಲ್ಲಿ ಸುಧಕ್ಕನ ಮನೇಲಿ ಕೂತ್ವಿ, ಏಳು ಜನ ಕಮಿಟಿ, ಜೊತೆಗೆ ಮಂಜಣ್ಣನ್ನೂ ಕರೆದಿದ್ವಿ. ಅವರನ್ನ ಹೊರಗಿಟ್ಟು ತೀರ್ಮಾನ ಮಾಡೋಣ ಅಂತ ಇಬ್ಬರು ಹೇಳಿದ್ರು, ಸುಧಕ್ಕ ಒಪ್ಲಿಲ್ಲ.

ಮಂಜಣ್ಣ ಹೇಳಿದ್ದು ಸುಲಭಕ್ಕೆ ತಳ್ಳಿಹಾಕೋ ಮಾತಲ್ಲ. "ದುಡ್ಡು ಎಣಿಸಿಕೊಂಡು ನೇರ ಬರೋನು ನಾನು, ದಾರೀಲಿ ಯಾರು ಹಿಂದೆ ಬಿದ್ದಿರ್ತಾರೋ ಗೊತ್ತಿಲ್ಲ. ಪೊಲೀಸ್ ಬರೋಷ್ಟರಲ್ಲಿ ಎಲ್ಲ ಮುಗಿದಿರುತ್ತೆ, ಎರಡು ಸಲ ನೋಡಿದೀನಿ." ಆಮೇಲೆ ಫೋರ್ಟ್ ವರ್ತ್ ಪಕ್ಕದ ವೈಟ್ ಸೆಟಲ್ಮೆಂಟ್ ಚರ್ಚಿನ ವಿಷಯ ತೆಗೆದ್ರು, 2019ರ ಡಿಸೆಂಬರ್ 29, ಪ್ರಾರ್ಥನೆ ನಡೀತಿದ್ದಾಗ ಒಬ್ಬ ಗುಂಡು ಹಾರಿಸಿ ಇಬ್ಬರನ್ನ ಕೊಂದ, ಚರ್ಚಿನ ಸ್ವಯಂಸೇವಕರಲ್ಲೇ ಒಬ್ಬರು ಆರು ಸೆಕೆಂಡಲ್ಲಿ ಅವನನ್ನ ಹೊಡೆದುರುಳಿಸಿದ್ರು. "ನಮ್ಮ ಹಾಲಲ್ಲಿ ಹಂಗೇ ಆದ್ರೆ ಯಾರಿದಾರೆ?" ಅಂದ್ರು. ಸುಧಕ್ಕ "ಅಣ್ಣ, ಆತ ಶೂಟಿಂಗ್ ಕಲಿಸೋರು, ಹಿಂದೆ ರಿಸರ್ವ್ ಡೆಪ್ಯುಟಿ, ಅಂದ್ರೆ ಮೀಸಲು ಪೊಲೀಸ್ ಆಗಿದ್ದೋರು, ಅವತ್ತು ಅಲ್ಲಿ ನಿಂತಿದ್ದೇ ಆ ಕೆಲಸಕ್ಕೆ. ನೀವು ಕೋಸಂಬರಿ ಬಡಿಸ್ತಿದ್ರಿ, ಹಿಂದಿಂದ ಒಂದು ಮಗು ಕೈ ಹಾಕಿದ್ರೂ ನಿಮಗೆ ಗೊತ್ತಾಗ್ತಿರ್ಲಿಲ್ಲ" ಅಂದ್ರು. ಇದಕ್ಕೆ ಅವರ ಹತ್ರ ಉತ್ತರ ಇರ್ಲಿಲ್ಲ, ಸುಮ್ಮನೆ ಕಾಫಿ ಕುಡಿದ್ರು.

ಇನ್ನೊಬ್ಬ ಸದಸ್ಯರು 2016ರ ಜುಲೈ 7 ನೆನಪಿಸಿದ್ರು. ಡಾಲಸ್ ಡೌನ್‌ಟೌನಲ್ಲಿ ಮೆರವಣಿಗೆ ನಡೆಯೋವಾಗ ಒಬ್ಬ ಗುಂಡು ಹಾರಿಸಿ 5 ಜನ ಪೊಲೀಸರನ್ನ ಕೊಂದ. ಮೆರವಣಿಗೇಲಿ 20ರಿಂದ 30 ಜನ ಕಾನೂನು ಪ್ರಕಾರವೇ ರೈಫಲ್ ನೇತಾಕ್ಕೊಂಡು ಬಂದಿದ್ರು, ಗುಂಡಿನ ಸದ್ದಿಗೆ ಎಲ್ಲಾ ಓಡಿದಾಗ ಪೊಲೀಸರಿಗೆ ಯಾರು ಯಾರು ಅಂತಲೇ ತಿಳೀಲಿಲ್ಲ, ಆಗಿನ ಪೊಲೀಸ್ ಮುಖ್ಯಸ್ಥ ಡೇವಿಡ್ ಬ್ರೌನ್ ಆಮೇಲೆ ಇದನ್ನೇ ಹೇಳಿದ್ರು. ರೈಫಲ್ ಹಿಡಿದಿದ್ದ ಒಬ್ಬ ಕಪ್ಪು ಮನುಷ್ಯನ ಫೋಟೋನ ಶಂಕಿತ ಅಂತ ಪೊಲೀಸ್ ಇಲಾಖೆ ಟ್ವೀಟ್ ಮಾಡ್ತು, ಆತನಿಗೂ ಗುಂಡು ಹಾರಿಸಿದ್ದಕ್ಕೂ ಸಂಬಂಧವೇ ಇರ್ಲಿಲ್ಲ. "ಕಾನೂನು ಎಲ್ಲರಿಗೂ ಒಂದೇ ಬರೆದಿದೆ, ನೋಡೋ ಕಣ್ಣು ಒಂದೇ ಅಲ್ಲ" ಅಂದ್ರು ಅವರು. ಕೋಣೆ ಸ್ವಲ್ಪ ಹೊತ್ತು ತಣ್ಣಗಾಯ್ತು.

ನನಗೆ ಆಶ್ಚರ್ಯ ಆಗಿದ್ದು ಪೊನ್ನಪ್ಪ ಅಂಕಲ್ ಮಾತಿಗೆ. ಕೊಡವರು, ಗನ್ ಪರ ಇರ್ತಾರೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಅವರ ಜನಾಂಗಕ್ಕೆ ಮತ್ತೆ ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಕೋವಿ ಲೈಸೆನ್ಸಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನ 2029ರ ತನಕ ಮುಂದುವರಿಸ್ತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡೀತು. ಅವರು ಹೇಳಿದ್ದು ಇಷ್ಟು: "ನಮ್ಮಲ್ಲಿ ಕೈಲ್ ಪೊಳ್ದ್ ಅಂತ ಆಯುಧಪೂಜೆ ಹಬ್ಬದ ದಿನ ಕೋವಿಗೆ, ನಮ್ಮ ಮಾತಲ್ಲಿ ತೋಕ್‌ಗೆ ಹೂವಿಟ್ಟು ಪೂಜೆ ಮಾಡ್ತೇವೆ. ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಯಾರಾದ್ರೂ ತೀರ್ಕೊಂಡ್ರೆ ಎರಡು. ಪುತ್ತರಿಗೆ ಕದಿರು ಕೊಯ್ಯುವಾಗ ಒಂದು. ಊರಿಗೆಲ್ಲ ಗೊತ್ತಿರ್ತದೆ ಯಾಕೆ ಗುಂಡು ಹಾರಿತು ಅಂತ. ಕೋವಿ ಕಂಡ್ರೆ ಅಲ್ಲಿ ಯಾರಿಗೂ ಹೆದರಿಕೆ ಇಲ್ಲ, ಯಾಕೆ ಬಂದಿದೆ ಅಂತ ಕೇಳ್ಬೇಕಾಗಿಲ್ಲವಲ್ಲ. ಇಲ್ಲಿ ಈ ಮುನ್ನೂರು ಜನಕ್ಕೆ ಮಂಜುವಿನ ಸೊಂಟದಲ್ಲಿ ಅದು ಯಾಕಿದೆ ಅಂತ ಗೊತ್ತಿತ್ತಾ?" ಓಪನ್ ಕ್ಯಾರಿ ಬಗ್ಗೆ ಟೀವೀಲಿ ಎಷ್ಟೋ ಚರ್ಚೆ ಕೇಳಿದೀನಿ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದು ನೆನಪಿಲ್ಲ.

ಕೊನೆಗೆ ಬಂದ ತೀರ್ಮಾನ ಮಾತ್ರ ದುರ್ಬಲ. "ಕಾಣೋ ಹಾಗೆ ತರಬೇಡಿ." ಅಂದ್ರೆ ಜುಬ್ಬಾ ಕೆಳಗಿದ್ರೆ ಓಕೆ. ನಾನೂ ಅದಕ್ಕೇ ಕೈ ಎತ್ತಿದೆ, ಈಗ ಒಪ್ಕೊಳ್ತೀನಿ, ಅದು ಸುರಕ್ಷತೆಯ ತೀರ್ಮಾನ ಅಲ್ಲ, ನಮ್ಮ ಕಣ್ಣಿಗೆ ನೆಮ್ಮದಿ ಕೊಡೋ ತೀರ್ಮಾನ. ಗನ್ ಅಷ್ಟೇ ಇರುತ್ತೆ, ಗೊತ್ತಾಗಲ್ಲ ಅಷ್ಟೇ. ಆರು ವರ್ಷ ಗೊತ್ತಾಗಿರ್ಲಿಲ್ಲವಲ್ಲ, ಆಗ ಚೆನ್ನಾಗಿದ್ವಲ್ಲ ಅಂತ ಯಾರೋ ಅಂದ್ರು, ಎಲ್ಲರೂ ತಲೆ ಅಲ್ಲಾಡಿಸಿದ್ವಿ.

ಕನ್ನಡ ಬೋರ್ಡು

2023ರ ಮಾರ್ಚ್, ಯುಗಾದಿ, ಅದೇ ಹಾಲು. ನಾನೇ ಡಿಸೈನ್ ಮಾಡಿ ಒಂದು ಬೋರ್ಡ್ ಪ್ರಿಂಟ್ ಮಾಡಿಸಿದ್ದೆ, ಪಿಸ್ತೂಲಿನ ಚಿತ್ರ, ಮೇಲೆ ಕೆಂಪು ಗೆರೆ, ಕೆಳಗೆ "ದಯವಿಟ್ಟು ಬಂದೂಕು, ಪಿಸ್ತೂಲು ಒಳಗೆ ತರಬೇಡಿ". ಸುತ್ತ ಮಾವಿನೆಲೆ ಬಾರ್ಡರ್ ಬೇರೆ. ಎಲ್ಲರೂ ಚೆನ್ನಾಗಿದೆ ಅಂತ ಫೋಟೋ ತಗೊಂಡ್ರು.

ಕಾನೂನಿನ ಮುಂದೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಲೈಸೆನ್ಸ್ ಇದ್ದೋರನ್ನ ತಡೀಬೇಕಾದ್ರೆ ಟೆಕ್ಸಸ್ ದಂಡ ಸಂಹಿತೆಯ 30.06 (ಮುಚ್ಚಿಟ್ಟಿದ್ದಕ್ಕೆ) ಮತ್ತು 30.07 (ತೆರೆದಿಟ್ಟಿದ್ದಕ್ಕೆ) ಕಲಮುಗಳಲ್ಲಿ ಬರೆದಿರೋ ಅದೇ ವಾಕ್ಯ ಇರಬೇಕು, ಇಂಗ್ಲಿಷ್ ಮತ್ತು ಸ್ಪ್ಯಾನಿಶ್ ಎರಡರಲ್ಲೂ, ಹಿನ್ನೆಲೆಗೆ ಎದ್ದು ಕಾಣೋ ಬಣ್ಣದಲ್ಲಿ, ಅಕ್ಷರದ ಎತ್ತರ ಕನಿಷ್ಠ 1 ಇಂಚು. ಚಿತ್ರ ಸಾಲದು, ವಿನಂತಿ ಸಾಲದು, ಕನ್ನಡವಂತೂ ಲೆಕ್ಕಕ್ಕೇ ಇಲ್ಲ. ಕನ್ನಡ ಸಂಘದ ಬಾಗಿಲಿಗೆ ಸ್ಪ್ಯಾನಿಶ್ ಬೋರ್ಡು ಹಾಕಬೇಕು ಅಂದಾಗ ನಮ್ಮ ಕನ್ನಡಾಭಿಮಾನಿ ಖಜಾಂಚಿ ಮುಖ ನೋಡಬೇಕಿತ್ತು. ಬಾಯಲ್ಲಿ ನೇರವಾಗಿ ಹೇಳಿದ್ರೂ ನಡೆಯುತ್ತೆ, ಹೇಳಿದ ಮೇಲೂ ಹೋಗದಿದ್ರೆ ಅಪರಾಧ ದೊಡ್ಡದಾಗುತ್ತೆ, ಬರೀ ಬೋರ್ಡ್ ದಾಟಿ ಬಂದ್ರೆ 200 ಡಾಲರ್ ಒಳಗಿನ ದಂಡ ಅಷ್ಟೇ. ಆದ್ರೆ ಹೇಳೋನು ಜಾಗದ ಮಾಲೀಕ, ಇಲ್ಲಾ ಅವರ ಪರವಾಗಿ ಹೇಳೋ ಅಧಿಕಾರ ಇದ್ದೋನು ಆಗಿರಬೇಕು. ಒಂದು ದಿನ ಬಾಡಿಗೆಗೆ ತಗೊಂಡ ನಮಗೆ ಆ ಅಧಿಕಾರ ಇದೆಯಾ? ಬಾಡಿಗೆ ಕರಾರಿನಲ್ಲಿ ಇದರ ಬಗ್ಗೆ ಒಂದಕ್ಷರ ಇರ್ಲಿಲ್ಲ. ಹಾಲಿನ ಮಾಲೀಕರನ್ನ ಕೇಳಿದ್ರೆ ಅವರು ಶಾಶ್ವತ ಬೋರ್ಡ್ ಹಾಕೋಕೆ ಸುತಾರಾಂ ಒಪ್ಲಿಲ್ಲ, ಬೇಟೆಗಾರರ ಕ್ಲಬ್ಬಿನ ಡಿನ್ನರ್‌ಗಳೂ ಅಲ್ಲೇ ನಡೆಯೋದು, ಆ ಗಿರಾಕಿ ಹೋಗ್ತಾರೆ ಅಂತ. ಅವರ ಜಾಗ, ಅವರ ವ್ಯಾಪಾರ, ತಪ್ಪು ಅನ್ನೋಕಾಗಲ್ಲ.

ಆ ಯುಗಾದಿಗೆ ಹೊರಗಿನ ಒಬ್ಬ ಅತಿಥಿ, ಯಾರದೋ ಆಫೀಸಿನ ಸ್ನೇಹಿತ, ಬೆಲ್ಟಲ್ಲಿ ಪಿಸ್ತೂಲು ಇಟ್ಕೊಂಡು ಬಂದ್ರು. ಬೋರ್ಡ್ ಕಡೆ ಕೈ ತೋರಿಸಿದ್ವಿ. ಅವರು ಅದನ್ನ ನೋಡಿ ನಯವಾಗೇ ನಕ್ಕು "ಸುಂದರವಾಗಿದೆ, ಯಾವ ಭಾಷೆ ಇದು?" ಅಂದ್ರು. ಸುಧಕ್ಕ ಬಾಯಲ್ಲಿ ವಿನಂತಿಸಿಕೊಂಡಾಗ ಮಾತಿಲ್ದೆ ಕಾರಿಗೆ ಹೋಗಿ ಇಟ್ಟು ಬಂದ್ರು. ಕೆಲಸ ಆಗಿದ್ದು ಬೋರ್ಡಿಂದಲ್ಲ.

ಮೇ 6

ಅದಾಗಿ ಆರು ವಾರಕ್ಕೆ, 2023ರ ಮೇ 6, ಶನಿವಾರ ಮಧ್ಯಾಹ್ನ, ಆಲನ್ ಊರಿನ ಔಟ್‌ಲೆಟ್ ಮಾಲಲ್ಲಿ ಒಬ್ಬ 8 ಜನರನ್ನ ಗುಂಡಿಟ್ಟು ಕೊಂದ, ಅದರಲ್ಲಿ ಹೈದರಾಬಾದ್ ಕಡೆಯ ಒಬ್ಬ ಯುವ ಎಂಜಿನಿಯರ್ ಕೂಡ. ನಮ್ಮಲ್ಲಿ ಬಹಳ ಜನಕ್ಕೆ ಅದು ವಾರಾಂತ್ಯಕ್ಕೆ ಶೂ ತಗೊಳ್ಳೋಕೆ ಹೋಗೋ ಜಾಗ. ಬೇರೆ ಯಾವುದೋ ಕರೆಗೆ ಅಲ್ಲಿದ್ದ ಒಬ್ಬ ಪೊಲೀಸ್ ಅಧಿಕಾರಿ ಸದ್ದು ಕೇಳಿ ಓಡಿ ಹೋಗಿ ಅವನನ್ನ ಹೊಡೆದು ಕೊಂದ್ರು.

ಗ್ರೂಪಲ್ಲಿ ಅವತ್ತು ರಾತ್ರಿ ಬಂದ ಮೆಸೇಜು ಇನ್ನೂರರ ಮೇಲೆ. ಅರ್ಧ ಜನ "ನೋಡಿ, ಗನ್ ಇದ್ದ ಒಬ್ಬರಿಂದಲೇ ನಿಂತಿದ್ದು", ಇನ್ನರ್ಧ "ನೋಡಿ, ಗನ್ ಇದ್ದ ಒಬ್ಬನಿಂದಲೇ ಆಗಿದ್ದು". ಒಂದೇ ಘಟನೆ. ಮಂಜಣ್ಣ ಏನೂ ಬರೀಲಿಲ್ಲ. ಆ ತಿಂಗಳು ನಮ್ಮ ಸದಸ್ಯರಲ್ಲಿ ಕನಿಷ್ಠ ಮೂರು ಮನೆಯೋರು ಹೊಸದಾಗಿ ಪಿಸ್ತೂಲು ತಗೊಂಡ್ರು ಅಂತ ಆಮೇಲೆ ಗೊತ್ತಾಯ್ತು, ಅದರಲ್ಲಿ ಒಬ್ಬರು ಡಿಸೆಂಬರ್ ಮೀಟಿಂಗಲ್ಲಿ ಪೂರ್ತಿ ಬ್ಯಾನ್ ಮಾಡಿ ಅಂದಿದ್ದವರು.

ಸ್ಕೂಲ್ ಆಡಿಟೋರಿಯಂ

ಆ ವರ್ಷದ ರಾಜ್ಯೋತ್ಸವಕ್ಕೆ ಜಾಗವನ್ನೇ ಬದಲಿಸೋಣ ಅಂತ ಒಂದು ಸ್ಕೂಲಿನ ಆಡಿಟೋರಿಯಂ ಹಿಡಿದ್ವಿ. ಶಾಲೆಯ ಕಟ್ಟಡದೊಳಗೆ ಗನ್ ತರೋದು ರಾಜ್ಯದ ಕಾನೂನಲ್ಲೇ ಗಂಭೀರ ಅಪರಾಧ, ಲೈಸೆನ್ಸ್ ಇದ್ರೂ ಅಷ್ಟೇ, 2ರಿಂದ 10 ವರ್ಷದ ತನಕ ಶಿಕ್ಷೆ, ನಾವು ಯಾವ ಬೋರ್ಡೂ ಹಾಕಬೇಕಾಗಿಲ್ಲ, ಯಾರ ಹತ್ರವೂ ಮುಖ ಕೆಡಿಸ್ಕೋಬೇಕಾಗಿಲ್ಲ.

ತೊಂದರೆ ಬಂದಿದ್ದು ಬೇರೆ ಕಡೆಯಿಂದ. ಪೊನ್ನಪ್ಪ ಅಂಕಲ್ ಗುಂಪು ಕೊಡವ ನೃತ್ಯ ಇಟ್ಕೊಂಡಿತ್ತು, ಕುಪ್ಯ (ಉದ್ದನೆ ಕೋಟು), ಚೇಲೆ (ಸೊಂಟದ ಪಟ್ಟಿ), ಸೊಂಟದಲ್ಲಿ ಬೆಳ್ಳಿ ಪೀಚೆಕತ್ತಿ. ಐದೂವರೆ ಇಂಚಿಗಿಂತ ಉದ್ದದ ಅಲಗಿನ ಕತ್ತಿಯನ್ನ 2017ರಿಂದ ಟೆಕ್ಸಸ್‌ನಲ್ಲಿ ದೊಡ್ಡವರು ಹೊರಗೆ ಇಟ್ಕೋಬಹುದು, ಶಾಲೆ ಒಳಗೆ ಮಾತ್ರ ಆಗಲ್ಲ. ಸ್ಕೇಲ್ ಹಿಡ್ಕೊಂಡು ಅಳೆಯೋ ಬದಲು ಥರ್ಮಾಕೋಲ್‌ನಲ್ಲಿ ಮಾಡಿ ಫಾಯಿಲ್ ಸುತ್ತಿದ್ರು. ಅಂಕಲ್ ಒಂದು ಮಾತೂ ಆಡ್ಲಿಲ್ಲ, ಆದ್ರೆ ಅವರ ಮುಖ ನೋಡೋಕಾಗ್ಲಿಲ್ಲ ನನಗೆ. ಕಿತ್ತೂರು ಚೆನ್ನಮ್ಮ ಆಗಿದ್ದ ಹುಡುಗಿ ಕತ್ತಿ ಹೇಗಿದ್ರೂ ಪ್ಲಾಸ್ಟಿಕ್‌ದು, ಆದ್ರೂ ಸೆಕ್ಯುರಿಟಿಯವರು ಮೂರು ಸಲ ತಿರುಗಿಸಿ ನೋಡಿದ್ರು. ಊಟ ಹೊರಗಿಂದ ತರೋ ಹಾಗಿಲ್ಲ, ನೆಲದ ಮೇಲೆ ಪಂಕ್ತಿ ಇಲ್ಲ, ಪೊಟ್ಟಣದಲ್ಲಿ ಚಿತ್ರಾನ್ನ. ಬಾಡಿಗೆ ಎರಡರಷ್ಟು. ಜನ ನೂರಾ ಎಂಬತ್ತಕ್ಕಿಳಿದ್ರು. ಸಮಸ್ಯೆ ಪೂರ್ತಿ ಬಗೆಹರೀತು, ಹಬ್ಬವೂ ಪೂರ್ತಿ ಹೋಯ್ತು.

ಒಂಬತ್ತು ಬೋರ್ಡು, ಒಂದು ಕಿಟಕಿ

2024ರ ಏಪ್ರಿಲ್ ಯುಗಾದಿಗೆ ವಾಪಸ್ ಹಳೇ ಹಾಲಿಗೆ ಬಂದ್ವಿ. ಈ ಸಲ ಎಲ್ಲ ಸರಿಯಾಗಿ ಮಾಡಿದ್ವಿ ಅಂತ ನಮ್ಮ ಭಾವನೆ. ಕರಾರಿನಲ್ಲೇ ಒಂದು ವಾಕ್ಯ ಸೇರಿಸಿಸಿದ್ವಿ, ಆ ದಿನದ ಮಟ್ಟಿಗೆ ಗನ್ ವಿಷಯದಲ್ಲಿ ಮಾಲೀಕರ ಪರವಾಗಿ ಹೇಳೋ ಅಧಿಕಾರ ಸಂಘಕ್ಕೆ. ಸ್ಟ್ಯಾಂಡ್ ಮೇಲೆ ಬೋರ್ಡು ಇಡೋಕೆ ಅವರೂ ಒಪ್ಪಿದ್ರು. 30.06, 30.07 ಲೈಸೆನ್ಸ್ ಇರೋರಿಗೆ, 2021ರ ಮೇಲೆ ಲೈಸೆನ್ಸ್ ಇಲ್ದೆ ಇಟ್ಕೊಳ್ಳೋರಿಗೆ 30.05 ಅಂತ ಇನ್ನೊಂದು, ಹೀಗೆ ಬಾಗಿಲಿಗೆ ಮೂರು, ಮೂರು ಬಾಗಿಲು, ಒಂಬತ್ತು ಬೋರ್ಡು. ರಂಗೋಲಿಗೆ ಜಾಗ ಇರ್ಲಿಲ್ಲ. ಕಾಣೋದು, ಕಾಣದ್ದು ಎರಡೂ ಬೇಡ ಅಂತ ಈ ಸಲ ನೇರವಾಗಿ ಹೇಳಿದ್ವಿ. ಡ್ಯೂಟಿ ಇಲ್ಲದ ಪೊಲೀಸ್ ಅಧಿಕಾರಿಯೊಬ್ಬರನ್ನ ಗಂಟೆ ಲೆಕ್ಕದಲ್ಲಿ ಬಾಗಿಲಲ್ಲಿ ನಿಲ್ಲಿಸಿದ್ವಿ. ಆ ಅಜ್ಜಿ ಮತ್ತೆ ಬಂದಿದ್ರು, ಎರಡನೇ ಮೊಮ್ಮಗು, ಅಧಿಕಾರಿ ಸೊಂಟ ನೋಡಿ "ಅವ್ನ್ಗೆ ಇರ್ಲಿ ಬುಡು, ಅವ್ನ್ ಕೆಲ್ಸ ಅದು" ಅಂದ್ರು. ಪೊನ್ನಪ್ಪ ಅಂಕಲ್ ಒಂದೂವರೆ ವರ್ಷದ ಹಿಂದೆ ಹೇಳಿದ್ದೇ ಮಾತು.

ಮಂಜಣ್ಣ ಬೋರ್ಡ್ ನೋಡಿದ್ರು, ಕಾರಿಗೆ ಹೋಗಿ ಗ್ಲೋವ್ ಬಾಕ್ಸಲ್ಲಿಟ್ಟು ಬಂದ್ರು, ಜುಬ್ಬಾ ನಿರಾಳವಾಗಿ ಮೇಲೆ ಕಟ್ಕೊಂಡು ಬಡಿಸಿದ್ರು. ರಾತ್ರಿ ಹತ್ತಕ್ಕೆ ಹೊರಗೆ ಬಂದ್ರೆ ಪಾರ್ಕಿಂಗ್ ಲಾಟಿನ ಕತ್ತಲ ಮೂಲೇಲಿ ನಾಲ್ಕು ಕಾರಿನ ಗಾಜು ಒಡೆದಿತ್ತು. ಎರಡು ಲ್ಯಾಪ್‌ಟಾಪ್, ಒಂದು ಪರ್ಸ್, ಮಂಜಣ್ಣನ ಪಿಸ್ತೂಲು. ಬಾಗಿಲಲ್ಲಿ ಅಧಿಕಾರಿ ಇದ್ರು, ಪಾರ್ಕಿಂಗಲ್ಲಿ ಯಾರೂ ಇರ್ಲಿಲ್ಲ. ಗನ್ ಬೇಡ ಅನ್ನೋ ಬೋರ್ಡು ಬಾಗಿಲಲ್ಲಿದ್ರೆ ಗನ್ ಎಲ್ಲಿರುತ್ತೆ ಅಂತ ಕಳ್ಳನಿಗೂ ಲೆಕ್ಕ ಬರುತ್ತೆ, ನಮಗೆ ಬರ್ಲಿಲ್ಲ.

"ನಿಮ್ಮ ಮಾತು ಕೇಳಿ ಹೀಗಾಯ್ತು" ಅಂತ ಮಂಜಣ್ಣ ಹೇಳ್ಲಿಲ್ಲ. ಅವರ ಹೆಂಡತಿ ಹೇಳಿದ್ರು, ಎಲ್ಲರ ಮುಂದೆ, ಜೋರಾಗೇ. ಸೀರಿಯಲ್ ನಂಬರ್ ಇದ್ರೆ ಮಾತ್ರ ಪೊಲೀಸರು ಕಳವಾದ ಗನ್ನುಗಳ ರಾಷ್ಟ್ರೀಯ ಪಟ್ಟಿಗೆ ಹಾಕೋದು, ಅದು ಮನೇಲಿ ಸೀರೆ ಬಿಲ್ಲುಗಳ ಫೈಲಲ್ಲಿ ಸಿಕ್ತು, ಮಧ್ಯರಾತ್ರಿ. ಟೆಕ್ಸಸ್‌ನಲ್ಲಿ ಗನ್ ಕಳವಾದ್ರೆ ದೂರು ಕೊಡಲೇಬೇಕು ಅಂತ ಕಾನೂನಿಲ್ಲ, ಆದ್ರೂ ಅವರು ಆ ರಾತ್ರಿನೇ ಕೊಟ್ರು.

ಈಗ ನೋಡಿದ್ರೆ

ನಾವು ಮೂರು ಸಲವೂ ಬಗೆಹರಿಸಿದ್ದು ನಮ್ಮ ಕಣ್ಣ ಮುಂದಿನ ಗನ್ನನ್ನ ಮಾತ್ರ. ಡಬ್ಬಿಗೆ ಹಾಕಿದ್ವಿ, ಜುಬ್ಬಾ ಕೆಳಗೆ ಕಳಿಸಿದ್ವಿ, ಕಾರಿಗೆ ಕಳಿಸಿದ್ವಿ. ಅದು ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಒಂದು ಸಲವೂ ಯಾರೂ ಕೇಳ್ಲಿಲ್ಲ, ನಾನೂ ಸೇರಿ. ಈಗ ಸಂಘ ಎರಡು ವಾರ ಮುಂಚೆ ನೋಂದಣಿ ಫಾರಂನಲ್ಲೇ ಹೇಳುತ್ತೆ, ಮನೇಲೇ ಬಿಟ್ಟು ಬನ್ನಿ, ಬಿಡೋಕಾಗದಿದ್ರೆ ಕಾರಿನೊಳಗೆ ಕೇಬಲ್‌ನಿಂದ ಕಟ್ಟೋ ಸ್ಟೀಲ್ ಪೆಟ್ಟಿಗೇಲಿಡಿ, ಗ್ಲೋವ್ ಬಾಕ್ಸ್ ಬೇಡ. ಅಧಿಕಾರಿಗಳು ಇಬ್ಬರು, ಒಬ್ಬರು ಪಾರ್ಕಿಂಗಿಗೆ. ಖರ್ಚು ಜಾಸ್ತಿ, ಟಿಕೆಟ್ ಮೇಲೆ ಮೂರು ಡಾಲರ್ ಏರಿಸಿದ್ವಿ, ಗೊಣಗಿದ್ರು, ಕೊಟ್ರು. ಯಾರು ಹೇಳೋದು ಅನ್ನೋದೂ ಮೊದಲೇ ತೀರ್ಮಾನ, ಇಬ್ಬರ ಹೆಸರು, ಇಬ್ಬರೂ ಸಿಟಿಜನ್, ಅವರು ಬಾಯಲ್ಲೇ ಹೇಳ್ತಾರೆ, ಯಾರೂ ಯಾರ ಗನ್ನನ್ನೂ ಮುಟ್ಟಲ್ಲ.

ಮಂಜಣ್ಣ ಹೊಸದು ತಗೊಂಡಿದಾರೆ. ಈಗ ಅಂಗಡಿಯಿಂದ ಮೊದಲು ಮನೆಗೆ ಹೋಗಿ ಅಲ್ಲಿಟ್ಟು ಬರೋದ್ರಿಂದ ಮೊದಲನೇ ಪಂಕ್ತಿ ತಪ್ಪುತ್ತೆ ಅವರಿಗೆ, ಮೂರನೇದಕ್ಕೆ ಬರ್ತಾರೆ, ಅಷ್ಟೊತ್ತಿಗೆ ಬಕೆಟಲ್ಲಿ ಕೋಸಂಬರಿ ತಳಕ್ಕಿರುತ್ತೆ. ಕಳವಾದದ್ದರ ಬಗ್ಗೆ ಪೊಲೀಸರಿಂದ ಇದುವರೆಗೂ ಫೋನ್ ಬಂದಿಲ್ಲ. ಗೊತ್ತಿಲ್ಲದ ನಂಬರಿಂದ ಕಾಲ್ ಬಂದ್ರೆ ಮಂಜಣ್ಣ ಈಗಲೂ ಎದ್ದು ಹೊರಗೆ ಹೋಗಿ ತಗೊಳ್ತಾರೆ.

ಒಂಬತ್ತು ಬೋರ್ಡು ನಮ್ಮ ಗ್ಯಾರೇಜಲ್ಲೇ ಇದೆ, ಸುತ್ತಮುತ್ತಲಿನ ಯಾವ ಸಂಘಕ್ಕೆ ಬೇಕಾದ್ರೂ ಬಂದು ತಗೊಂಡ್ ಹೋಗಿ, ಕಾರ್ಯಕ್ರಮ ಮುಗಿದ ಮೇಲೆ ವಾಪಸ್ ಕೊಡಿ. ಮೂರನೇ ಬಾಗಿಲಿನ 30.07ರಲ್ಲಿ ಸ್ಪ್ಯಾನಿಶ್ ಅಕ್ಷರ ಒಂದು ತಪ್ಪಿದೆ ಅಂತ ಆಮೇಲೆ ಗೊತ್ತಾಯ್ತು, ಅದೊಂದನ್ನ ಬೇರೆ ಪ್ರಿಂಟ್ ಮಾಡಿಸ್ಕೊಳ್ಳಿ.